ಜಾತಿ ಗಣತಿ: ತಲೆ ಎಣಿಕೆಯ ಆಚೆಗಿನ ಲೆಕ್ಕ

ಕರ್ನಾಟಕದ ಒಂದು ಪರಿಶಿಷ್ಟ ಜಾತಿಯ ಕುಟುಂಬ ಹನ್ನೆರಡು ವರ್ಷಗಳ ಅವಧಿಯಲ್ಲಿ ನಾಲ್ಕು ಸಲ ತನ್ನ ಜಾತಿಯನ್ನು ಬರೆಸಬೇಕಾಗುತ್ತದೆ. 2015ರ ಏಪ್ರಿಲ್–ಮೇ ತಿಂಗಳಲ್ಲಿ ಕಾಂತರಾಜ ಅಧ್ಯಕ್ಷತೆಯ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. 2025ರ ಮೇನಲ್ಲಿ ಒಳಮೀಸಲಾತಿಗಾಗಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಗುಂಪುವಾರು ಹಂಚಲು, ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ. ಅದೇ ವರ್ಷ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಹೊಸ ಸಮೀಕ್ಷೆ. ನಾಲ್ಕನೆಯದು 2027ರ ಫೆಬ್ರುವರಿಗೆ ನಿಗದಿಯಾಗಿರುವ ರಾಷ್ಟ್ರೀಯ ಜನಗಣತಿ. ಇಷ್ಟೆಲ್ಲ ಎಣಿಕೆ ಏಕೆ, ಯಾವುದರ ಅಂಕಿಯನ್ನು ನಂಬಬೇಕು ಎಂಬ ಗೊಂದಲ ಸಹಜವಾಗಿಯೇ ಇದೆ. ಅದರ ನಡುವೆ ರಾಜಕೀಯದ ಮಾತು ಪ್ರತಿ ಸಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಯಾರು ಎಷ್ಟಿದ್ದಾರೆ?

ಆ ಪ್ರಶ್ನೆ ಬೇಡವೆಂದಲ್ಲ. ಆದರೆ ಇಂಥ ಸಮೀಕ್ಷೆ ಹೇಳಬಲ್ಲ ವಿಷಯಗಳಲ್ಲಿ ಅದು ಚಿಕ್ಕದು. ಜಾತಿ ನಿತ್ಯದ ಬದುಕಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಮಾಜಶಾಸ್ತ್ರ ನೂರು ವರ್ಷದಿಂದ ಅಭ್ಯಾಸ ಮಾಡಿದೆ. ಆ ತಿಳಿವಳಿಕೆಯನ್ನು ಕೈಯಲ್ಲಿಟ್ಟುಕೊಂಡು ಓದಿದರೆ ಈ ಅಂಕಿಗಳು ಬೇರೆಯೇ ಕಥೆ ಹೇಳುತ್ತವೆ.

ಎರಡು ಎಣಿಕೆ, ಎರಡು ಕಾನೂನು

ಜನಗಣತಿ ಕೇಂದ್ರಪಟ್ಟಿಯ ವಿಷಯ. ಅದು ನಡೆಯುವುದು 1948ರ ಜನಗಣತಿ ಕಾಯ್ದೆಯಡಿ. ಉತ್ತರ ಕೊಡುವುದು ಕಾನೂನಿನ ಪ್ರಕಾರ ಕಡ್ಡಾಯ. ಬರೆಸಿದ ಮಾಹಿತಿಯನ್ನು ಬೇರೆಯವರು ಪರಿಶೀಲಿಸುವಂತಿಲ್ಲ, ಸಾಮಾನ್ಯವಾಗಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. 2025ರ ಏಪ್ರಿಲ್ 30ರಂದು ಕೇಂದ್ರ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿ ಈ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳಲು ತೀರ್ಮಾನಿಸಿತು. ಜೂನ್ 16ರಂದು ಅಧಿಸೂಚನೆ ಬಂತು. 2027ರ ಮಾರ್ಚ್ 1ರ ಮೊದಲ ಕ್ಷಣ ಲೆಕ್ಕಕ್ಕೆ ಆಧಾರ; ಹಿಮ ಬೀಳುವ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1.

ರಾಜ್ಯ ಸರ್ಕಾರ ಜನಗಣತಿ ಮಾಡುವಂತಿಲ್ಲ. ಹಾಗಾಗಿಯೇ ಕರ್ನಾಟಕದ್ದರ ಅಧಿಕೃತ ಹೆಸರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಹಿಂದುಳಿದ ವರ್ಗಗಳ ಪಟ್ಟಿಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು 1995ರ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಕಾಯ್ದೆಯ 11ನೇ ಕಲಂ ಹೇಳುತ್ತದೆ. 2015ರ ಸಮೀಕ್ಷೆಯ ವರದಿ, ಮುಂದೆ ಜಯಪ್ರಕಾಶ್ ಹೆಗ್ಡೆ ಅಧ್ಯಕ್ಷರಾದ ಅದೇ ಆಯೋಗದಿಂದ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿ 29ರಂದು, ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ಹತ್ತು ವರ್ಷ ಕಳೆದಿತ್ತು. ಜೂನ್‌ನಲ್ಲಿ ಸರ್ಕಾರ ಇದೇ ಕಲಮಿನ ಆಧಾರದ ಮೇಲೆ ಹೊಸ ಸಮೀಕ್ಷೆಗೆ ಹೊರಟಿತು. ಅದಕ್ಕೆ ತಡೆ ಕೊಡಲು ಹೈಕೋರ್ಟ್ ಒಪ್ಪಲಿಲ್ಲ. ಆದರೆ ಭಾಗವಹಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಗಣತಿದಾರರು ಒತ್ತಾಯಿಸಬಾರದು, ಮಾಹಿತಿಯನ್ನು ಗೋಪ್ಯವಾಗಿಡಬೇಕು ಎಂದು 2025ರ ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ಸ್ಪಷ್ಟಪಡಿಸಿತು.

ಈ ವ್ಯತ್ಯಾಸದಿಂದ ಒಂದು ನೇರ ಪರಿಣಾಮವಿದೆ. ಎಷ್ಟು ಜನ ಎಂಬುದಕ್ಕೆ ಕಡ್ಡಾಯವಾದ ಜನಗಣತಿಯ ಉತ್ತರ ಹೆಚ್ಚು ಗಟ್ಟಿ. ಅವರ ಬದುಕು ಹೇಗಿದೆ ಎಂಬುದಕ್ಕೆ ಜಮೀನು, ಸಾಲ, ಕುಲಕಸುಬು, ಶಾಲೆ ಬಿಟ್ಟ ಕಾರಣ, ಮೀಸಲಾತಿಯಿಂದ ಸಿಕ್ಕಿದ ಅನುಕೂಲ ಇಂಥವುಗಳನ್ನೆಲ್ಲ ಕೇಳಿದ ರಾಜ್ಯದ 60 ಪ್ರಶ್ನೆಗಳ ನಮೂನೆಯೇ ಬೇಕು. ಒಂದು ಬಂದರೆ ಇನ್ನೊಂದು ವ್ಯರ್ಥ ಎಂಬ ವಾದ ನಿಲ್ಲುವುದಿಲ್ಲ.

1931ರಿಂದ ಬಂದ ಪಾಠ

ಬ್ರಿಟಿಷರ ಕಾಲದ ಗಣತಿಗಳು ಜಾತಿಯನ್ನು ಎಣಿಸುತ್ತಿದ್ದವು. 1901ರಲ್ಲಿ ಗಣತಿಯ ಮುಖ್ಯಸ್ಥ ರಿಸ್ಲೆ ಜಾತಿಗಳನ್ನು ಎಣಿಸುವುದರ ಜೊತೆಗೆ ಸಾಮಾಜಿಕ ಅಂತಸ್ತಿನ ಪ್ರಕಾರ ಮೇಲೆ–ಕೆಳಗೆ ಜೋಡಿಸಲು ಹೊರಟರು. ಪರಿಣಾಮ ತಕ್ಷಣ ಕಾಣಿಸಿತು. ನಮ್ಮನ್ನು ಕ್ಷತ್ರಿಯರೆಂದು ಬರೆಯಿರಿ, ನಮ್ಮ ಹಳೆಯ ಹೆಸರು ತೆಗೆಯಿರಿ ಎಂದು ದೇಶದ ನಾನಾ ಕಡೆಯಿಂದ ಅರ್ಜಿಗಳು ಬಂದವು. ಅರ್ಜಿ ಬರೆಯಲು ಸಂಘ ಬೇಕು, ಸಂಘಕ್ಕೆ ಚಂದಾ ಬೇಕು, ಚಂದಾ ಎತ್ತಲು ಊರೂರಿನ ನೆಂಟಸ್ತಿಕೆಯ ಆಚೆಗೂ ಇವರು ನಮ್ಮವರು ಎಂಬ ಭಾವನೆ ಬೇಕು. ಹತ್ತಾರು ಹಳ್ಳಿಗಳ ನೆಂಟಸ್ತಿಕೆಗೆ ಸೀಮಿತವಾಗಿದ್ದ ಗುಂಪುಗಳು ಪ್ರಾಂತ್ಯದ ಮಟ್ಟದ ಸಮುದಾಯಗಳಾಗಿ ಒಗ್ಗೂಡಲು ಗಣತಿಯೂ ಒಂದು ಕಾರಣವಾಯಿತು.

ಮೈಸೂರು ಸಂಸ್ಥಾನದಲ್ಲಿ ಲಿಂಗಾಯತ ಮತ್ತು ಒಕ್ಕಲಿಗ ಸಂಘಟನೆಗಳು ಹುಟ್ಟಿದ್ದು 1905–06ರ ಸುಮಾರಿಗೆ. 1917ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಬಂತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ ನೇಮಿಸಿದರು. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಎಂಬುದು ಆ ಸಮಿತಿಯ ಶಿಫಾರಸು. ಸರ್ಕಾರಿ ಹುದ್ದೆಗಳನ್ನು ಯಾವ ಸಮುದಾಯ ಎಷ್ಟು ಹಿಡಿದಿದೆ ಎಂಬ ಲೆಕ್ಕವಿಲ್ಲದೆ ಆ ಮಾತನ್ನು ಆಡುವುದೇ ಸಾಧ್ಯವಿರಲಿಲ್ಲ.

ಹೀಗೆ ಎಣಿಕೆ ಎರಡೂ ಕೆಲಸ ಮಾಡಿತು. ಜಾತಿಯ ಗುರುತನ್ನು ಗಟ್ಟಿ ಮಾಡಿತು. ಜೊತೆಗೆ ಯಾರು ಹೊರಗುಳಿದಿದ್ದಾರೆ ಎಂಬುದನ್ನೂ ಕಾಣಿಸಿತು. ಇಂದಿನ ಪರ–ವಿರೋಧದ ವಾದಗಳೆರಡಕ್ಕೂ ಬೇರು ಅಲ್ಲಿದೆ.

ಪೂರ್ತಿ ಜಾತಿವಾರು ಅಂಕಿ ಪ್ರಕಟವಾದದ್ದು 1931ರಲ್ಲಿ ಕೊನೆ. 1951ರಿಂದ ಪರಿಶಿಷ್ಟ ಜಾತಿ, ಪಂಗಡಗಳನ್ನು ಮಾತ್ರ ಎಣಿಸಲಾಯಿತು. 1980ರಲ್ಲಿ ಮಂಡಲ್ ಆಯೋಗ ಹಿಂದುಳಿದವರ ಪ್ರಮಾಣ ಶೇ 52 ಎಂದು ಅಂದಾಜಿಸಲು ಸುಮಾರು ಅರ್ಧ ಶತಮಾನದಷ್ಟು ಹಳೆಯ ಅಂಕಿಯನ್ನೇ ನೆಚ್ಚಬೇಕಾಯಿತು.

2011ರಲ್ಲಿ ಕೇಂದ್ರ ಸರ್ಕಾರ ಸಾಮಾಜಿಕ–ಆರ್ಥಿಕ ಮತ್ತು ಜಾತಿ ಗಣತಿ ಮಾಡಿತು. ಅದರ ಜಾತಿ ಅಂಕಿಗಳು ಹೊರಬರಲಿಲ್ಲ. ಕಾರಣವನ್ನು ಕೇಂದ್ರವೇ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು: 1931ರಲ್ಲಿ 4,147 ಇದ್ದ ಜಾತಿಗಳ ಸಂಖ್ಯೆ ಈ ಸಲ 46 ಲಕ್ಷ ದಾಟಿತ್ತು. ಜಾತಿಗಳೇನೂ ಅಷ್ಟು ಹುಟ್ಟಿರಲಿಲ್ಲ. ಜನ ಹೇಳಿದ್ದನ್ನು ಹಾಗೆಯೇ ಬರೆದುಕೊಂಡರೆ ಜಾತಿಯ ಜಾಗದಲ್ಲಿ ಗೋತ್ರ, ಬೆಡಗು, ಬಳಿ, ಮನೆತನದ ಅಡ್ಡಹೆಸರು, ಕಸುಬು ಎಲ್ಲವೂ ಬರುತ್ತವೆ. ಒಂದೇ ಹೆಸರನ್ನು ಹತ್ತು ಜನ ಹತ್ತು ರೀತಿ ಬರೆದರೆ ಗಣಕಯಂತ್ರಕ್ಕೆ ಅವು ಹತ್ತು ಜಾತಿ.

ಯಾವ ಹೆಸರಿನಲ್ಲಿ ಬರೆಸುವುದು?

ಆ ಅನುಭವದಿಂದಾಗಿ ಈಗ ಮೊದಲೇ ಪಟ್ಟಿ ತಯಾರಿಸಿ, ಅದರಿಂದ ಆರಿಸುವ ಕ್ರಮ ಬಂದಿದೆ. ಆದರೆ ಇದರಲ್ಲಿ ಸಮಸ್ಯೆ ಮಾಯವಾಗದೆ ಜಾಗ ಬದಲಿಸುತ್ತದೆ. ಪಟ್ಟಿಯಲ್ಲಿ ಯಾವ ಹೆಸರಿದೆ, ಯಾವುದು ಯಾವುದರ ಕೆಳಗಿದೆ ಎಂಬುದೇ ಫಲಿತಾಂಶವನ್ನು ಅರ್ಧ ತೀರ್ಮಾನಿಸಿಬಿಡುತ್ತದೆ. ಸಮೀಕ್ಷೆಯ ಸುತ್ತ ನಡೆದ ಜಗಳಗಳಲ್ಲಿ ಬಹುಪಾಲು ಇದಕ್ಕೇ ಸಂಬಂಧಿಸಿದವು.

ಪರಿಶಿಷ್ಟ ಜಾತಿಗಳ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರಾಜ್ಯದ ಪಟ್ಟಿಯಲ್ಲಿ 101 ಜಾತಿಗಳಿವೆ. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅದರಲ್ಲಿ ಮೂರು. ಇವು ಒಂದೊಂದು ಜಾತಿಯ ಹೆಸರುಗಳಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಅವಮಾನದ ಹೆಸರುಗಳನ್ನು ಬಿಟ್ಟು ಗೌರವದಿಂದ ಕರೆಸಿಕೊಳ್ಳಲು ಬಳಕೆಗೆ ಬಂದ ಗುಂಪಿನ ಹೆಸರುಗಳು. ಒಂದು ಜಿಲ್ಲೆಯಲ್ಲಿ ಹೊಲೆಯ ಸಮುದಾಯದವರು ಆದಿ ಕರ್ನಾಟಕ ಎಂದು ಬರೆಸಿದರೆ ಇನ್ನೊಂದು ಜಿಲ್ಲೆಯಲ್ಲಿ ಮಾದಿಗರು ಅದೇ ಹೆಸರು ಬರೆಸಿದರು. ಶಾಲೆಯ ದಾಖಲೆ, ಜಾತಿ ಪ್ರಮಾಣಪತ್ರ ಎಲ್ಲವೂ ಅದೇ ಹೆಸರಿನಲ್ಲಿ ಮುಂದುವರಿದವು. ಎಡಗೈ (ಮಾದಿಗ ಮತ್ತು ಸಂಬಂಧಿತ), ಬಲಗೈ (ಹೊಲೆಯ ಮತ್ತು ಸಂಬಂಧಿತ) ಸಮುದಾಯಗಳಿಗೆ ಬೇರೆ ಬೇರೆ ಪಾಲು ಕೊಡಬೇಕೆಂಬ ಪ್ರಶ್ನೆ ಬಂದಾಗ ಈ ಮೂರು ಹೆಸರುಗಳಡಿ ಇರುವವರಲ್ಲಿ ಯಾರು ಯಾವ ಕಡೆಗೆ ಎಂಬುದನ್ನು ಜನಗಣತಿಯ ಯಾವ ಕೋಷ್ಟಕವೂ ಹೇಳಲಾರದಾಯಿತು. ಅದಕ್ಕಾಗಿಯೇ 2025ರಲ್ಲಿ ಮನೆಮನೆ ಸಮೀಕ್ಷೆ ಬೇಕಾಯಿತು. ಆಗಲೂ ಮೂಲ ಜಾತಿ ಹೇಳದೆ ಗುಂಪಿನ ಹೆಸರನ್ನಷ್ಟೇ ಬರೆಸಿದವರು ಉಳಿದರು. ಆಯೋಗ ಅವರಿಗೆಂದೇ ಶೇ 1ರ ಪ್ರತ್ಯೇಕ ಗುಂಪನ್ನು ಸೂಚಿಸಿತು. ಮೂಲ ಹೆಸರು ಹೇಳಿದರೆ ಬಾಡಿಗೆ ಮನೆ ತಪ್ಪಬಹುದು, ಪಕ್ಕದವರ ಮಾತಿನ ಧಾಟಿ ಬದಲಾಗಬಹುದು ಎಂಬ ಅಳುಕು ನಗರದಲ್ಲಿ ಇಂದಿಗೂ ನಿಜ. ಕೇಳುವವರು ಬಾಗಿಲಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಕೇಳಿದರೆ ಉತ್ತರ ಒಂದು. ಒಳಗೆ ಕೂತು ಕೇಳಿದರೆ ಇನ್ನೊಂದು.

ಹಿಂದುಳಿದ ವರ್ಗಗಳಲ್ಲಿ ಇದೇ ಸಮಸ್ಯೆಗೆ ಇನ್ನೊಂದು ರೂಪ. ಈಡಿಗ, ಬಿಲ್ಲವ, ನಾಮಧಾರಿ, ದೀವರು ಎಂಬ ಹೆಸರುಗಳನ್ನು ಕೂಡಿಸಿ ಎಣಿಸಿದರೆ ದೊಡ್ಡ ಸಮುದಾಯ. ಬಿಡಿಬಿಡಿಯಾಗಿ ಎಣಿಸಿದರೆ ಕೆಲವೇ ಜಿಲ್ಲೆಗಳ ಗುಂಪುಗಳು. ಲಿಂಗಾಯತರಲ್ಲಿ ಗೊಂದಲ ಎರಡು ಪದರದ್ದು. ಧರ್ಮದ ಕಾಲಂನಲ್ಲಿ ಹಿಂದೂ ಎನ್ನಬೇಕೇ, ಲಿಂಗಾಯತ ಎನ್ನಬೇಕೇ, ವೀರಶೈವ ಲಿಂಗಾಯತ ಎನ್ನಬೇಕೇ ಎಂಬುದು ಮೊದಲನೆಯದು. ಮಠಗಳು, ಸಂಘಟನೆಗಳು ಒಂದೊಂದು ಕರೆ ಕೊಟ್ಟವು. ಎರಡನೆಯದು ಜಾತಿಯ ಕಾಲಂ. ರಾಜ್ಯ ಹಿಂದುಳಿದವರನ್ನು ಮೀಸಲಾತಿಗಾಗಿ ಪ್ರವರ್ಗಗಳೆಂಬ ಗುಂಪುಗಳಾಗಿ ವಿಂಗಡಿಸಿದೆ. ಲಿಂಗಾಯತರು ಪ್ರವರ್ಗ 3ಬಿಯಲ್ಲಿದ್ದಾರೆ, ಅದರ ಪಾಲು ಶೇ 5. ಗಾಣಿಗರು 2ಎಯಲ್ಲಿದ್ದಾರೆ, ಅಲ್ಲಿ ಶೇ 15. ಲಿಂಗ ಧರಿಸುವ ಗಾಣಿಗ ಕುಟುಂಬ ಯಾವ ಹೆಸರು ಬರೆಸುತ್ತದೆ ಎಂಬುದರಲ್ಲಿ ನಂಬಿಕೆ, ನೆಂಟಸ್ತಿಕೆ, ಮಗಳ ಸೀಟಿನ ಯೋಚನೆ ಎಲ್ಲವೂ ಸೇರಿರುತ್ತವೆ. ಅದನ್ನು ಮೋಸ ಎಂದು ಕರೆಯುವುದು ಅನ್ಯಾಯ. ಒಬ್ಬ ಮನುಷ್ಯನಿಗೆ ಏಕಕಾಲಕ್ಕೆ ಎರಡು ಮೂರು ನಿಜವಾದ ಗುರುತುಗಳಿರುತ್ತವೆ. ನಮೂನೆಯಲ್ಲಿ ಜಾಗ ಒಂದೇ.

ಒಕ್ಕಲಿಗ, ಬ್ರಾಹ್ಮಣ ಮುಂತಾದ ಹೆಸರುಗಳ ಮುಂದೆ ಕ್ರಿಶ್ಚಿಯನ್ ಎಂದು ಸೇರಿಸಿದ ಜಾತಿಗಳು ಪಟ್ಟಿಯಲ್ಲಿ ಕಂಡಾಗ ಎದ್ದ ವಿವಾದವೂ ಇದೇ ಬಗೆಯದು. ಮತಾಂತರದ ನಂತರವೂ ಮದುವೆ, ನೆಂಟಸ್ತಿಕೆಯಲ್ಲಿ ಜಾತಿ ಉಳಿಯುತ್ತದೆ ಎಂಬುದು ಸಮಾಜಶಾಸ್ತ್ರಕ್ಕೆ ಗೊತ್ತಿರುವ ವಿಷಯ. ಅದನ್ನು ಅಧಿಕೃತ ಪಟ್ಟಿಯಲ್ಲಿ ಹಾಕಿದರೆ ಮುಂದೆ ಅದು ಮೀಸಲಾತಿಯ ಹಕ್ಕಾಗಬಹುದು ಎಂಬ ಆತಂಕ ವಿರೋಧಿಸಿದವರದ್ದು. ಅಂಥ 33 ಹೆಸರುಗಳನ್ನು ಆಯ್ಕೆಯಿಂದ ತೆಗೆಯಲಾಯಿತು.

ಎಣಿಕೆಯಿಂದ ತಪ್ಪಿದವರು

2015ರ ಸಮೀಕ್ಷೆಯ ಬಗ್ಗೆ ಬಂದ ದೊಡ್ಡ ಆಕ್ಷೇಪ, ನಮ್ಮ ಮನೆಗೆ ಬಂದೇ ಇಲ್ಲ ಎಂಬುದು. ಅದರಲ್ಲಿ ಸತ್ಯವಿದೆ. 2011ರ ಜನಗಣತಿಯಲ್ಲಿ 6.11 ಕೋಟಿ ಇದ್ದ ರಾಜ್ಯದಲ್ಲಿ ನಾಲ್ಕು ವರ್ಷದ ನಂತರ ಸಮೀಕ್ಷೆಗೆ ಸಿಕ್ಕವರು 5.98 ಕೋಟಿ. ಜನ ಕಡಿಮೆಯಾಗಿರಲು ಸಾಧ್ಯವಿಲ್ಲ, ಕೆಲವರು ಬಿಟ್ಟುಹೋಗಿದ್ದರು. ಬೀಗ ಹಾಕಿದ ಮನೆ, ಗೇಟಿನಲ್ಲೇ ತಡೆಯುವ ಅಪಾರ್ಟ್‌ಮೆಂಟು, ಕಬ್ಬು ಕಡಿಯಲು ಅಥವಾ ಇಟ್ಟಿಗೆ ಗೂಡಿಗೆ ಹೋದ ಕುಟುಂಬ ಇಂಥ ಕಡೆ ಎಣಿಕೆ ತಪ್ಪುತ್ತದೆ. 2025ರಲ್ಲಿ ವಿದ್ಯುತ್ ಮೀಟರಿನ ಆರ್‌.ಆರ್‌. ಸಂಖ್ಯೆ ಹಿಡಿದು ಮನೆ ಗುರುತಿಸಿದ್ದು ಒಳ್ಳೆಯ ಸುಧಾರಣೆ. ಆದರೆ ಒಂದೇ ಮೀಟರಿನ ವಠಾರದಲ್ಲಿ ನಾಲ್ಕು ಒಲೆಗಳಿರಬಹುದು, ಮೀಟರೇ ಇಲ್ಲದ ಶೆಡ್ಡುಗಳಿರುತ್ತವೆ. ಅಲ್ಲಿ ಗಣತಿದಾರರ ಶ್ರದ್ಧೆಯೇ ಆಧಾರ. ಅಚ್ಚುಕಟ್ಟೆನಿಸಿಕೊಂಡ 2011ರ ಜನಗಣತಿಯಲ್ಲೂ ಸಾವಿರಕ್ಕೆ 23 ಜನ ತಪ್ಪಿದ್ದರು ಎಂದು ನಂತರದ ತಪಾಸಣಾ ಸಮೀಕ್ಷೆ ಕಂಡುಕೊಂಡಿತು.

ತಪ್ಪಿದವರಿಂದ ಜಾತಿಗಳ ಪಾಲು ಎಷ್ಟು ಬದಲಾಗುತ್ತದೆ? ಒಂದು ಕಲ್ಪಿತ ಲೆಕ್ಕ ಹಾಕೋಣ. ಎಣಿಕೆಗೆ ಸಿಕ್ಕವರು 6 ಕೋಟಿ, ಅದರಲ್ಲಿ ಒಂದು ಸಮುದಾಯ 60 ಲಕ್ಷ, ಅಂದರೆ ಶೇ 10. ಬಿಟ್ಟುಹೋದವರು 40 ಲಕ್ಷ. ಅವರಲ್ಲಿ ಈ ಸಮುದಾಯದವರು ಶೇ 20 ಇದ್ದರೂ ನಿಜವಾದ ಪಾಲು 640 ಲಕ್ಷದಲ್ಲಿ 68 ಲಕ್ಷ, ಶೇ 10.6. ಬಿಟ್ಟುಹೋದವರಲ್ಲಿ ಅರ್ಧಕ್ಕರ್ಧ ಇವರೇ ಎಂದು ಇಟ್ಟುಕೊಂಡರೂ ಶೇ 12.5. ಹೀಗಾಗಿ ದೊಡ್ಡ ಸಮುದಾಯದ ಪಾಲು ತಪ್ಪೆಣಿಕೆಯಿಂದಲೇ ಇಮ್ಮಡಿಯಾಗುವುದು ಅಸಾಧ್ಯ. ಅದಕ್ಕಿಂತ ಬಹಳ ದೊಡ್ಡ ಏರುಪೇರನ್ನು ಹೆಸರುಗಳ ವಿಂಗಡಣೆ ತರುತ್ತದೆ: ಅದೇ 60 ಲಕ್ಷ ಜನ ನಾಲ್ಕು ಹೆಸರಿನಲ್ಲಿ ಹಂಚಿಹೋದರೆ ಪಟ್ಟಿಯಲ್ಲಿ ಶೇ 10ರ ಸಮುದಾಯವೇ ಕಾಣಿಸುವುದಿಲ್ಲ.

ತಪ್ಪೆಣಿಕೆಯ ನಿಜವಾದ ಪೆಟ್ಟು ಬೀಳುವುದು ಸಣ್ಣ ಅಲೆಮಾರಿ ಸಮುದಾಯಗಳಿಗೆ. ಐದು ಸಾವಿರ ಜನರ ಗುಂಪಿನಲ್ಲಿ ಎರಡು ಸಾವಿರ ಜನ ಊರಾಚೆ ಟೆಂಟಿನಲ್ಲಿದ್ದು ಲೆಕ್ಕಕ್ಕೆ ಸಿಗದಿದ್ದರೆ, ಉಳಿದ ಮೂರು ಸಾವಿರ ಜನ ಒಂದು ಕಡೆ ನೆಲೆ ನಿಂತವರು, ಅಂದರೆ ಸ್ವಲ್ಪ ಉತ್ತಮ ಸ್ಥಿತಿಯವರು. ಆ ಜಾತಿಯ ಶಾಲಾ ದಾಖಲಾತಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಾಗೆ ಕಂಡ ಕಾರಣಕ್ಕೇ ನೆರವು ಕೈತಪ್ಪಬಹುದು.

ಸರಾಸರಿಯೊಳಗೆ ಅಡಗಿದವರು

ಹಿಂದುಳಿದಿರುವಿಕೆಯನ್ನು ಆಯೋಗಗಳು ಅಂಕ ಕೊಟ್ಟು ಅಳೆಯುತ್ತವೆ. ಮಂಡಲ್ ಆಯೋಗ 11 ಮಾನದಂಡ ಇಟ್ಟಿತ್ತು: ನಾಲ್ಕು ಸಾಮಾಜಿಕ ಮಾನದಂಡಕ್ಕೆ ತಲಾ 3 ಅಂಕ, ಮೂರು ಶೈಕ್ಷಣಿಕಕ್ಕೆ ತಲಾ 2, ನಾಲ್ಕು ಆರ್ಥಿಕಕ್ಕೆ ತಲಾ 1. ಒಟ್ಟು 22ರಲ್ಲಿ 11 ಅಥವಾ ಹೆಚ್ಚು ಬಂದ ಜಾತಿ ಹಿಂದುಳಿದದ್ದು. ಸಾಮಾಜಿಕಕ್ಕೆ 3, ಆರ್ಥಿಕಕ್ಕೆ 1 ಏಕೆಂದರೆ ಸಂವಿಧಾನ ಮಾತಾಡುವುದು ಸಾಮಾಜಿಕ, ಶೈಕ್ಷಣಿಕ ಹಿಂದುಳಿದಿರುವಿಕೆಯ ಬಗ್ಗೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಅಂಕಿಗಳು ತಾವಾಗಿ ಹೇಳುವುದಿಲ್ಲ. ಅದು ಮನುಷ್ಯರು ಮಾಡುವ ತೀರ್ಮಾನ. ಯಾವ ವರದಿ ಬಂದರೂ ಮೊದಲು ತೆರೆಯಬೇಕಾದ ಪುಟ ಆ ತೂಕದ ಪಟ್ಟಿಯದು.

ಇನ್ನೊಂದು ಸಮಸ್ಯೆ ಇಡೀ ಜಾತಿಗೆ ಒಂದೇ ಸರಾಸರಿ ತೆಗೆಯುವುದರಲ್ಲಿದೆ. ಒಂದು ಜಾತಿಯ 18ರಿಂದ 25 ವಯಸ್ಸಿನ 1,000 ಜನ ಇದ್ದಾರೆ ಎನ್ನೋಣ. 300 ಜನ ನೀರಾವರಿ ಜಮೀನಿನ ಮನೆಗಳವರು. ಅವರಲ್ಲಿ ಶೇ 60, ಅಂದರೆ 180 ಜನ ಕಾಲೇಜಿನಲ್ಲಿದ್ದಾರೆ. 700 ಜನ ಕೂಲಿ ಮನೆಗಳವರು. ಅವರಲ್ಲಿ ಶೇ 15, ಅಂದರೆ 105 ಜನ. ಒಟ್ಟು 285, ಶೇ 28.5. ರಾಜ್ಯದ ಸರಾಸರಿ ಶೇ 30 ಎಂದು ಊಹಿಸಿದರೆ ಈ ಜಾತಿಗೆ ಹೆಚ್ಚೇನೂ ತೊಂದರೆ ಇಲ್ಲವೆಂದು ಕೋಷ್ಟಕ ಹೇಳುತ್ತದೆ. ಅದರೊಳಗಿನ 700 ಜನ ಸರಾಸರಿಯ ಅರ್ಧದಲ್ಲಿದ್ದಾರೆ ಎಂಬುದು ಕಾಣಬೇಕಾದರೆ ಜಾತಿಯ ಜೊತೆ ಜಮೀನನ್ನೂ, ಗಂಡು–ಹೆಣ್ಣನ್ನೂ, ತಾಲ್ಲೂಕನ್ನೂ ಅಡ್ಡಡ್ಡ ಸೇರಿಸಿದ ಕೋಷ್ಟಕ ಬೇಕು.

ಪ್ರವರ್ಗದೊಳಗೂ ಹೀಗೆಯೇ. ಕೇಂದ್ರದ ಹಿಂದುಳಿದ ವರ್ಗಗಳ ಒಳವಿಂಗಡಣೆಗೆ 2017ರಲ್ಲಿ ನೇಮಕವಾದ ರೋಹಿಣಿ ಆಯೋಗ ಉದ್ಯೋಗ, ಸೀಟುಗಳ ದಾಖಲೆ ಪರಿಶೀಲಿಸಿದಾಗ ಶೇ 97ರಷ್ಟು ಲಾಭ ಸುಮಾರು ಕಾಲುಭಾಗ ಜಾತಿಗಳಿಗೆ ಹೋಗಿತ್ತು. 983 ಸಮುದಾಯಗಳಿಗೆ ಏನೂ ಸಿಕ್ಕಿರಲಿಲ್ಲ. ನಮ್ಮ 2ಎ ಪ್ರವರ್ಗದಲ್ಲಿ ಕುರುಬ, ಈಡಿಗರಂಥ ದೊಡ್ಡ ಸಮುದಾಯಗಳ ಜೊತೆಗೇ ಮಡಿವಾಳ, ಸವಿತಾ, ಕುಂಬಾರ, ದೇವಾಂಗ, ವಿಶ್ವಕರ್ಮ ಮುಂತಾದವರೂ ಇದ್ದಾರೆ. ಆ ಶೇ 15ರಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ಜಾತಿಗಳ ತಲೆ ಎಣಿಕೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಸಂಖ್ಯೆ ಇದ್ದ ಮಾತ್ರಕ್ಕೆ ಬಲ ಬರುವುದಿಲ್ಲ

ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್‌. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿ ಪ್ರಬಲ ಜಾತಿ ಎಂಬ ಪರಿಕಲ್ಪನೆಯನ್ನು ರೂಪಿಸಿದರು. ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ಶಾಸ್ತ್ರದ ಮೇಲು–ಕೀಳು ತೀರ್ಮಾನಿಸುವುದಿಲ್ಲ. ಜನಬಲ, ಜಮೀನು, ರಾಜಕೀಯ ಹಿಡಿತ, ಓದು ಮತ್ತು ನೌಕರಿ ಇವು ಒಟ್ಟಾದಲ್ಲಿ ಮಾತು ನಡೆಯುತ್ತದೆ ಎಂಬುದು ಅದರ ತಿರುಳು. ಪರಿಶಿಷ್ಟ ಜಾತಿಗಳವರು ರಾಜ್ಯದ ಅತಿದೊಡ್ಡ ಗುಂಪುಗಳಲ್ಲೊಂದು. 2011ರ ಜನಗಣತಿಯ ಪ್ರಕಾರ ಶೇ 17ಕ್ಕೂ ಹೆಚ್ಚು. ಆದರೂ ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲಿ ಅವರ ಮಾತು ಕೊನೆಗೆ ಬರುವುದು ಏಕೆಂಬುದಕ್ಕೆ ಉತ್ತರ ಜಮೀನಿನ ದಾಖಲೆಯಲ್ಲಿದೆ.

1974ರಲ್ಲಿ ದೇವರಾಜ ಅರಸು ಸರ್ಕಾರ ಜಾರಿಗೆ ತಂದ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಕರಾವಳಿ, ಮಲೆನಾಡಿನಲ್ಲಿ ಗೇಣಿ ಮಾಡುತ್ತಿದ್ದ ಬಿಲ್ಲವ, ನಾಮಧಾರಿ, ದೀವರ ಕುಟುಂಬಗಳಿಗೆ ನೆಲ ಸಿಕ್ಕಿತು. ಗೇಣಿಪತ್ರವೇ ಇಲ್ಲದೆ ದಿನಗೂಲಿ ಮಾಡುತ್ತಿದ್ದವರಿಗೆ, ಅಂದರೆ ಹೆಚ್ಚಿನ ದಲಿತ ಕುಟುಂಬಗಳಿಗೆ, ಆ ಕಾಯ್ದೆಯಿಂದ ಸಿಕ್ಕಿದ್ದು ಕಡಿಮೆ. ಐವತ್ತು ವರ್ಷದ ನಂತರ ಯಾವ ಮನೆಯ ಮಗು ಪಿಯುಸಿ ದಾಟುತ್ತದೆ ಎಂಬುದರಲ್ಲಿ ಆ ವ್ಯತ್ಯಾಸದ ಗುರುತಿದೆ.

ನೆಲದಷ್ಟೇ ಮುಖ್ಯವಾದದ್ದು ಸಂಪರ್ಕ. ಬೆಂಗಳೂರು, ಮೈಸೂರು, ಧಾರವಾಡಗಳ ಸಮುದಾಯ ಹಾಸ್ಟೆಲುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಹಳ್ಳಿಯಿಂದ ಬಂದ ಹುಡುಗನಿಗೆ ಅಲ್ಲಿ ಊಟ–ವಸತಿಯ ಜೊತೆಗೆ ಯಾವ ಕೋರ್ಸಿಗೆ ಅರ್ಜಿ ಹಾಕಬೇಕು, ಯಾವ ಪರೀಕ್ಷೆ ಯಾವಾಗ ಎಂದು ಹೇಳುವ ಹಿರಿಯರು ಸಿಗುತ್ತಾರೆ. ಅವನು ನೌಕರಿ ಹಿಡಿದ ಮೇಲೆ ಮುಂದಿನವನಿಗೆ ಹೇಳುತ್ತಾನೆ. ಇಂಥ ಸರಪಳಿ ಇಲ್ಲದ ಸಮುದಾಯದ, ಅಷ್ಟೇ ಬಡತನದ, ಅಷ್ಟೇ ಬುದ್ಧಿಯ ಹುಡುಗಿಗೆ ಆ ಮಾಹಿತಿ ಕೊನೆಯ ದಿನಾಂಕ ಮುಗಿದ ಮೇಲೆ ತಲುಪುತ್ತದೆ. ಆದಾಯವನ್ನಷ್ಟೇ ಅಳೆದರೆ ಇಬ್ಬರೂ ಒಂದೇ. ಆರ್ಥಿಕ ಸ್ಥಿತಿಯನ್ನೇ ನೋಡಿ, ಜಾತಿ ಬೇಡ ಎಂಬ ವಾದದ ದೌರ್ಬಲ್ಯ ಇಲ್ಲಿದೆ.

ಪರ ಮತ್ತು ವಿರೋಧದ ವಾದಗಳು

ಗಣತಿ ಬೇಕೆನ್ನುವವರ ಬಲವಾದ ಕಾರಣ ನ್ಯಾಯಾಲಯಗಳಿಂದ ಬಂದದ್ದು. 1962ರಲ್ಲಿ ಮೈಸೂರು ಸರ್ಕಾರದ ಶೇ 68ರ ಮೀಸಲಾತಿಯನ್ನು ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದಂದಿನಿಂದ, ಯಾರು ಹಿಂದುಳಿದವರೆಂದು ತೋರಿಸುವ ಹೊಣೆ ಸರ್ಕಾರದ ಮೇಲಿದೆ. 2024ರ ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಒಳವಿಂಗಡಣೆಗೆ ಒಪ್ಪಿದಾಗಲೂ ಅದಕ್ಕೆ ಅಂಕಿ–ಅಂಶದ ಆಧಾರ ಇರಬೇಕೆಂದಿತು. ಎಣಿಸದೆ ಹಂಚುವಂತಿಲ್ಲ.

ಬೇಡ ಎನ್ನುವವರು ಹೇಳುವುದು, ಎಣಿಸಿದಷ್ಟೂ ಜಾತಿ ಗಟ್ಟಿಯಾಗುತ್ತದೆ ಎಂದು. 1901ರ ಅನುಭವ ಅವರ ಪರವಾಗಿದೆ. ಆದರೆ ಎಂಟು ದಶಕ ಎಣಿಸದೆ ಇದ್ದದ್ದರಿಂದ ಜಾತಿ ಸಡಿಲವಾಯಿತೇ? 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ಮದುವೆಗಳ ಪ್ರಮಾಣ ಶೇ 5–6ರ ಆಸುಪಾಸಿನಲ್ಲೇ ಇತ್ತು. ಮದುವೆಯ ಜಾಹೀರಾತಿಗೆ, ಮನೆ ಬಾಡಿಗೆಗೆ, ಚುನಾವಣೆಯ ಟಿಕೆಟ್ಟಿಗೆ ಜಾತಿ ಸದಾ ಲೆಕ್ಕಕ್ಕೆ ಬರುತ್ತಲೇ ಇತ್ತು. ಸಾರ್ವಜನಿಕ ದಾಖಲೆಯಲ್ಲಿ ಮಾತ್ರ ಇರಲಿಲ್ಲ. ಈ ವಾದದಲ್ಲಿ ಎಣಿಕೆಯ ಪರ ನಿಲ್ಲುವುದೇ ಸರಿ ಎಂದು ಕಾಣುತ್ತದೆ.

ಮೂರನೆಯ ಆಕ್ಷೇಪ ಖಾಸಗಿತನದ್ದು, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಹೆಸರು ಅಳಿಸಿದರೂ, ಒಂದು ಹಳ್ಳಿಯಲ್ಲಿ ಒಂದು ಜಾತಿಯ ಎರಡೇ ಮನೆಗಳಿದ್ದರೆ ಆ ಸಾಲಿನ ಸಾಲ, ಆದಾಯ, ಕಾಯಿಲೆ ಯಾರದ್ದೆಂದು ಊರಿಗೆಲ್ಲ ತಿಳಿಯುತ್ತದೆ. ಹತ್ತಕ್ಕಿಂತ ಕಡಿಮೆ ಮನೆಗಳಿರುವ ಸಾಲುಗಳನ್ನು ಹಳ್ಳಿಯ ಮಟ್ಟದಲ್ಲಿ ಪ್ರಕಟಿಸದೆ ತಾಲ್ಲೂಕಿಗೆ ಸೇರಿಸುವಂಥ ನಿಯಮ ಮೊದಲೇ ಇರಬೇಕು.

ಮುಂದೇನಾಗಬಹುದು

ಅಂಕಿ ಬಂದ ಕೂಡಲೇ ಮೀಸಲಾತಿ ಬದಲಾಗುತ್ತದೆ ಎಂಬ ನಿರೀಕ್ಷೆ ಹುಸಿಯಾಗುವ ಸಾಧ್ಯತೆಯೇ ಹೆಚ್ಚು. ಹಿಂದುಳಿದವರಿಗೆ ಶೇ 32, ಪರಿಶಿಷ್ಟ ಜಾತಿಗೆ 17, ಪಂಗಡಕ್ಕೆ 7 ಸೇರಿ ಕರ್ನಾಟಕದ ಕಾಯ್ದೆ ಹೇಳುವ ಮೀಸಲಾತಿ ಆಗಲೇ ಶೇ 56. ಸುಪ್ರೀಂ ಕೋರ್ಟಿನ 1992ರ ಇಂದ್ರಾ ಸಾಹ್ನಿ ತೀರ್ಪಿನ ಮಿತಿ ಶೇ 50. ಬಿಹಾರ 2023ರ ಸಮೀಕ್ಷೆಯ ಬೆನ್ನಿಗೇ ಮೀಸಲಾತಿಯನ್ನು ಶೇ 65ಕ್ಕೆ ಏರಿಸಿತು. 2024ರ ಜೂನ್ 20ರಂದು ಪಟ್ನಾ ಹೈಕೋರ್ಟ್ ಅದನ್ನು ರದ್ದು ಮಾಡಿತು. ಒಂದು ಸಮುದಾಯ ಸಂಖ್ಯೆಯಲ್ಲಿ ಹೆಚ್ಚು ಎಂಬುದೊಂದೇ ಮಿತಿ ಮೀರಲು ಕಾರಣವಾಗದು ಎಂಬುದು ಆ ತೀರ್ಪಿನಿಂದ ಕಲಿಯಬೇಕಾದದ್ದು. ತಮಿಳುನಾಡಿನ ಶೇ 69 ಉಳಿದಿರುವುದು 1994ರಲ್ಲಿ, ಕಾನೂನುಗಳಿಗೆ ಕೋರ್ಟಿನ ಪರಿಶೀಲನೆಯಿಂದ ಬಹುಮಟ್ಟಿಗೆ ರಕ್ಷಣೆ ಕೊಡುವ ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿದ್ದರಿಂದ. ಅದಕ್ಕೆ ಸಂಸತ್ತು ಒಪ್ಪಬೇಕು.

ಹಾಗಾಗಿ ಒಟ್ಟು ಪಾಲು ಹಿಗ್ಗುವುದಕ್ಕಿಂತ ಇರುವ ಪಾಲಿನೊಳಗೆ ಮರುಹಂಚಿಕೆಯ ಒತ್ತಡ ಹೆಚ್ಚುತ್ತದೆ. ಪರಿಶಿಷ್ಟ ಜಾತಿಗಳಲ್ಲಿ ಇದು ಆಗಲೇ ನಡೆದಿದೆ. ನಾಗಮೋಹನದಾಸ್ ಆಯೋಗ ಐದು ಗುಂಪು ಮಾಡಿ, ಅತಿ ಹಿಂದುಳಿದ ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕ ಶೇ 1 ಸೂಚಿಸಿತ್ತು. 2025ರ ಆಗಸ್ಟ್ 19ರಂದು ಸಂಪುಟ ಅದನ್ನು ಶೇ 6, 6 ಮತ್ತು 5ರ ಮೂರು ಗುಂಪಿಗೆ ಇಳಿಸಿತು. ಅಲೆಮಾರಿಗಳು ತಮಗಿಂತ ಬಲಿಷ್ಠ ಸಮುದಾಯಗಳಿರುವ ಶೇ 5ರೊಳಗೆ ಸೇರಿಹೋದರು, ಬೀದಿಗಿಳಿದರು. ದತ್ತಾಂಶ ಅವರ ಪರವಿದ್ದರೂ ಸಂಪುಟದಲ್ಲಿ ಅವರ ಪರ ಸಂಖ್ಯೆ ಇರಲಿಲ್ಲ. 2ಎ ಮತ್ತು ಪ್ರವರ್ಗ 1ರಲ್ಲಿ ಇದೇ ಮರುಕಳಿಸುವ ಭಯ ಸಣ್ಣ ಕುಶಲಕರ್ಮಿ ಜಾತಿಗಳಿಗಿದೆ, ಆ ಭಯಕ್ಕೆ ಕಾರಣವೂ ಇದೆ.

ಕೇಳಿ ಪಡೆಯಬೇಕಾದ ಕೋಷ್ಟಕಗಳು

ವರದಿ ಹೊರಬಂದಾಗ ಜಾತಿವಾರು ಜನಸಂಖ್ಯೆಯ ಪುಟವೇ ಮೊದಲು ಸುದ್ದಿಯಾಗುತ್ತದೆ. ಅದರ ಪಕ್ಕದಲ್ಲಿ ಇನ್ನಷ್ಟು ಇರಬೇಕು. ನೌಕರಿಯ ಪಾಲನ್ನು ಎ, ಬಿ, ಸಿ, ಡಿ ದರ್ಜೆವಾರು ಬಿಡಿಸಿ ಕೊಡಬೇಕು. ಎಲ್ಲ ದರ್ಜೆ ಕೂಡಿಸಿದರೆ ಸ್ವಚ್ಛತಾ ಕೆಲಸದಲ್ಲಿರುವವರ ಸಂಖ್ಯೆಯೇ ಒಂದು ಸಮುದಾಯದ ಪ್ರಾತಿನಿಧ್ಯ ಸರಿಯಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಕಾಲೇಜು ಸೀಟಿನ ಪಾಲನ್ನು ಒಟ್ಟು ಜನಸಂಖ್ಯೆಗೆ ಹೋಲಿಸದೆ ಅದೇ ಜಾತಿಯ 18–25 ವಯೋಮಾನಕ್ಕೆ ಹೋಲಿಸಬೇಕು, ಏಕೆಂದರೆ ಮುದುಕರು ಹೆಚ್ಚಿರುವ ಸಮುದಾಯಕ್ಕೂ ಮಕ್ಕಳು ಹೆಚ್ಚಿರುವ ಸಮುದಾಯಕ್ಕೂ ಲೆಕ್ಕ ಬೇರೆ. ಕೆಲವೇ ನೂರು ಜನರ ಜಾತಿಗಳಿಗೆ ಶೇಕಡಾವಾರಿನ ಬದಲು ತಲೆಗಳ ಸಂಖ್ಯೆಯನ್ನೇ ಕೊಡುವುದು ಒಳ್ಳೆಯದು. ನಲವತ್ತು ಯುವಜನರಿರುವ ಕಡೆ ಇಬ್ಬರು ಪದವಿ ಮುಗಿಸಿದರೆ ಶೇ 5 ಏರಿದಂತೆ ಕಾಣುತ್ತದೆ. ಕಲ್ಯಾಣ ಕರ್ನಾಟಕದ ತಾಲ್ಲೂಕುಗಳನ್ನು ಬೇರೆಯಾಗಿ ತೋರಿಸಬೇಕು. ಒಂದೇ ಜಾತಿಯ ಬೀದರಿನ ಹುಡುಗಿಗೂ ಉಡುಪಿಯ ಹುಡುಗಿಗೂ ಸಿಗುವ ಅವಕಾಶದ ನಡುವಿನ ಅಂತರ ಎಷ್ಟೋ ಸಲ ಎರಡು ಜಾತಿಗಳ ನಡುವಿನ ಅಂತರಕ್ಕಿಂತ ದೊಡ್ಡದು.

ಯಾವ ಹೆಸರನ್ನು ಯಾವ ಜಾತಿಯಡಿ ಸೇರಿಸಲಾಯಿತು ಎಂಬ ಪಟ್ಟಿಯೂ, ನೂರರಲ್ಲೊಂದು ಮನೆಗಾದರೂ ಬೇರೊಬ್ಬರು ಮತ್ತೆ ಹೋಗಿ ಉತ್ತರ ತಾಳೆ ನೋಡಿದ ಫಲಿತಾಂಶವೂ ವರದಿಯ ಜೊತೆ ಬರಬೇಕು. 2015ರ ಸಮೀಕ್ಷೆಯ ಅಂಕಿಗಳು ಒಂಬತ್ತು ವರ್ಷ ಮುಚ್ಚಿದ ಲಕೋಟೆಯಲ್ಲಿದ್ದು, ಸೋರಿಕೆಯ ಮೂಲಕ ತುಣುಕು ತುಣುಕಾಗಿ ಹೊರಬಂದವು. ಆಗ ಸರಿ–ತಪ್ಪು ಪರೀಕ್ಷಿಸಲು ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರ ವಿಭಾಗಗಳ ಕೈಯಲ್ಲಿ ಏನೂ ಇರಲಿಲ್ಲ. ಹೆಸರು, ವಿಳಾಸ, ಫೋನ್ ಸಂಖ್ಯೆ ತೆಗೆದ ತಾಲ್ಲೂಕು ಮಟ್ಟದ ದತ್ತಾಂಶವನ್ನು ವರದಿಯ ದಿನವೇ ಬಿಡುಗಡೆ ಮಾಡಲು ಈಗ ಬೇಕಾಗಿರುವುದು ಸರ್ಕಾರದ ಒಂದು ಆದೇಶ ಮಾತ್ರ.